ಬಿಳಿಗಿರಿರಂಗನ ಕಾಡನ್ನು ಲಂಟಾನ ಹೇಗೆ ಹಿಡಿಯಿತು

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟ ಬಸ್ಸು ಗುಂಬಳ್ಳಿ ದಾಟಿ ತಪ್ಪಲಿನ ಕಾಡು ಹೊಕ್ಕ ಕೂಡಲೇ ಒಳಗಿನವರ ಮಾತು ತಗ್ಗುತ್ತದೆ, ಕಣ್ಣು ಕಿಟಕಿಯತ್ತ ತಿರುಗುತ್ತದೆ. ಆನೆ ಕಂಡೀತೆ, ಜಿಂಕೆಯಾದರೂ ಕಂಡೀತೆ ಎಂದು ಎಲ್ಲರಿಗೂ ಆಸೆ. ಮಳೆಗಾಲ ಮುಗಿದ ಹೊಸತರಲ್ಲಿ ಹೋದರೆ ಕಾಣುವುದು ಮಾತ್ರ ರಸ್ತೆಯ ಎರಡೂ ಬದಿಗೆ ಆಳೆತ್ತರ ಎದ್ದ ಹಸಿರು ಗೋಡೆ. ಅದರ ಮೈತುಂಬ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಪುಟ್ಟ ಹೂಗೊಂಚಲು, ಮೇಲೆ ಚಿಟ್ಟೆಗಳ ಹಾರಾಟ. "ಎಂಥ ದಟ್ಟ ಕಾಡು!" ಎಂದು ನಗರದಿಂದ ಬಂದವರು ಉದ್ಗರಿಸುತ್ತಾರೆ. ಮೊದಲ ಸಲ ಹೋದಾಗ ನಾನೂ ಹಾಗೆಯೇ ಅಂದುಕೊಂಡಿದ್ದೆ. ನಾನು ಹೊಗಳಿದ್ದು ಕಾಡಿನ ಮೇಲೆ ಕವುಚಿ ಬಿದ್ದ ಕಳೆಯನ್ನು ಎಂದು ತಿಳಿಯಲು ಹಲವು ವರ್ಷ ಬೇಕಾದವು.

ಆ ಗಿಡ ಲಂಟಾನ. ಚದುರಂಗ, ರೋಜಾ ಕಡ್ಡಿ, ಬೇಲಿ ಹೂ, ಹೇಸಿಗೆ ಹೂ ಎಂದು ಊರೂರಿಗೊಂದು ಹೆಸರು. ಎಲೆ ಉಜ್ಜಿದರೆ ಮೂಗಿಗೆ ಅಡರುವ ಘಾಟು, ಕಾಂಡದ ಮೇಲೆ ಕೊಕ್ಕೆಯಂಥ ಸಣ್ಣ ಮುಳ್ಳು, ಮಾಗಿದಾಗ ಕಪ್ಪಗೆ ಮಿರುಗುವ ಮಣಿಯಂಥ ಹಣ್ಣು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಬೆಳೆದವರಲ್ಲಿ ಆ ಹಣ್ಣನ್ನು ಬಾಯಿ ನೀಲಿಯಾಗುವಷ್ಟು ತಿನ್ನದವರು ಕಡಿಮೆ. ಬಾಲ್ಯದ ಒಡನಾಡಿಯಂತಿರುವ ಗಿಡವನ್ನು ಶತ್ರು ಎಂದು ಒಪ್ಪಿಕೊಳ್ಳುವುದು ಕಷ್ಟ. ಪಾರ್ಥೇನಿಯಂಗೆ 'ಕಾಂಗ್ರೆಸ್ ಗಿಡ' ಎಂದೂ ಯುಪಟೋರಿಯಂಗೆ 'ಕಮ್ಯುನಿಸ್ಟ್ ಗಿಡ' ಎಂದೂ ಹೆಸರಿಟ್ಟು ಬೈದ ಜನ ಲಂಟಾನಕ್ಕೆ ಮಾತ್ರ ಯಾವ ಪಕ್ಷದ ಹಣೆಪಟ್ಟಿಯನ್ನೂ ಅಂಟಿಸಿಲ್ಲ.

ಕಾಡಿಗೆ ಅಪಾಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊಡಲಿ, ಗಣಿ, ಅಣೆಕಟ್ಟು, ಕಳ್ಳಬೇಟೆ. ಇವು ಕಾಣುವ ಅಪಾಯಗಳು. ಫೋಟೊ ತೆಗೆಯಬಹುದು, ಮೊಕದ್ದಮೆ ಹೂಡಬಹುದು. ಲಂಟಾನದ ವಿಷಯದಲ್ಲಿ ಅದು ಸಾಧ್ಯವಿಲ್ಲ. ಉಪಗ್ರಹದಿಂದ ನೋಡಿದರೂ ಅದು ಹಸಿರಾಗಿಯೇ ಕಾಣುತ್ತದೆ. ಇದಕ್ಕಿಂತ ಇರುಸುಮುರುಸಿನ ಸಂಗತಿ ಇನ್ನೊಂದಿದೆ: ಕಾಡನ್ನು ಕಾಯಬೇಕೆಂದು ನಾವು ಮಾಡಿದ ಕೆಲವು ಕೆಲಸಗಳೇ ಅದಕ್ಕೆ ಹಾಸಿಗೆ ಹಾಸಿಕೊಟ್ಟಂತಿವೆ.

ಎಂಥ ಕಾಡು ಇದು

ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲು ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳು ಕೈಕೈ ಹಿಡಿಯುವ ಜಾಗದಲ್ಲಿದೆ. ನಕಾಶೆಯಲ್ಲಿ ನೋಡಿದರೆ ಎರಡರ ನಡುವೆ ಹಾಕಿದ ಸೇತುವೆಯಂತೆ ಕಾಣುತ್ತದೆ. ಮೈದಾನದ ಕಡೆಯ ತಪ್ಪಲು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ತುದಿಗಳು 1,800 ಮೀಟರ್ ಮುಟ್ಟುತ್ತವೆ. ಮುಂಗಾರು, ಹಿಂಗಾರು ಎರಡೂ ಮಳೆ ಇಲ್ಲಿಗೆ ಬರುತ್ತವೆ. ಆದರೆ ತಪ್ಪಲಿಗೆ ಬೀಳುವುದರ ಹಲವು ಪಟ್ಟು ಮಳೆ ಎತ್ತರದಲ್ಲಿ ಸುರಿಯುತ್ತದೆ. ಇದರಿಂದಾಗಿ ಒಂದೇ ದಿನದ ನಡಿಗೆಯಲ್ಲಿ ಐದಾರು ಬಗೆಯ ಕಾಡುಗಳನ್ನು ಹಾದುಹೋಗಬಹುದು. ಕೆಳಗೆ ಮುಳ್ಳಿನ ಕುರುಚಲು, ಅದರ ಮೇಲೆ ದಿಂಡಿಗ, ಮತ್ತಿ, ಹೊನ್ನೆ, ನೆಲ್ಲಿಗಳ ಎಲೆ ಉದುರುವ ಕಾಡು, ಇನ್ನೂ ಮೇಲೆ ಕಣಿವೆಗಳಲ್ಲಿ ನಿತ್ಯಹರಿದ್ವರ್ಣ, ತುದಿಯಲ್ಲಿ ಶೋಲಾ ಎಂಬ ಗಿಡ್ಡ ಮರಗಳ ಕಾಡು ಮತ್ತು ಹುಲ್ಲುಗಾವಲು. ಮಲೆನಾಡಿನ ಗಿಡ, ಬಯಲುಸೀಮೆಯ ಹಕ್ಕಿ ಎರಡೂ ಇಲ್ಲಿ ಸಿಗುವುದು ಇದೇ ಕಾರಣಕ್ಕೆ.

ಈ ಬೆಟ್ಟಗಳು 1974ರಲ್ಲಿ ಅಭಯಾರಣ್ಯವಾದವು. ಆಮೇಲೆ ವಿಸ್ತರಣೆಗೊಂಡು ಸುಮಾರು 540 ಚದರ ಕಿಲೋಮೀಟರ್ ಆಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆನೆ, ಕಾಟಿ, ಕಡವೆ, ಕರಡಿ, ಸೀಳುನಾಯಿ ಎಲ್ಲವೂ ಇವೆ. ಮನುಷ್ಯರೂ ಇದ್ದಾರೆ. ಇಲ್ಲಿನ ಆದಿವಾಸಿಗಳಾದ ಸೋಲಿಗರ ಪೋಡುಗಳು, ಅಂದರೆ ಹಾಡಿಗಳು, ಕಾಡಿನ ಒಳಗೂ ಅಂಚಿನಲ್ಲೂ ಹರಡಿವೆ. ಬೆಟ್ಟದ ರಂಗನಾಥ ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬ ಕಥೆಯಿದ್ದು, ಅವರಿಗೆ ಅವನು ಸ್ವಾಮಿಗಿಂತ ಹೆಚ್ಚಾಗಿ ರಂಗಭಾವ. ಭಾವನ ಮನೆಯ ಸುತ್ತಲಿನ ಕಾಡನ್ನು ಅವರು ಕುಲಕುಲಕ್ಕೆ ಸೇರಿದ 'ಎಲ್ಲೆ'ಗಳಾಗಿ ಗುರುತಿಸುತ್ತಾರೆ. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು. ಸೋಲಿಗರೂ ಸಂಶೋಧಕರೂ ಕೂಡಿ ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ನಕಾಶೆಗೆ ಇಳಿಸಿದ್ದಾರೆ. ಹೊರಗಿನವರಿಗೆ ಹೆಸರಿಲ್ಲದ ಕಾಡಾಗಿ ಕಾಣುವ ಜಾಗ ಒಳಗಿನವರಿಗೆ ಬೀದಿ ಬೀದಿಗೂ ಹೆಸರಿರುವ ಊರು ಎಂಬುದಕ್ಕೆ ಇದನ್ನು ಹೇಳಿದೆ. ಮುಂದಿನ ಕಥೆಗೆ ಈ ಮಾತು ಬೇಕಾಗುತ್ತದೆ.

ಹೂತೋಟದಿಂದ ಹುಲಿಕಾಡಿಗೆ

ಲಂಟಾನದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯ. ಹೂವಿನ ಚೆಲುವಿಗೆ ಮನಸೋತ ಯುರೋಪಿನವರು ಅದನ್ನು ತಮ್ಮ ತೋಟಗಳಿಗೆ ಒಯ್ದು, ತಳಿಗಳನ್ನು ಬೆರೆಸಿ, ಬಣ್ಣ ಬಣ್ಣದ ಮಿಶ್ರತಳಿಗಳನ್ನು ಮಾಡಿದರು. ಭಾರತಕ್ಕೆ ಅದು ಬಂದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ, ಕಲ್ಕತ್ತದ ಸಸ್ಯೋದ್ಯಾನಕ್ಕೆ, ಅಲಂಕಾರದ ಗಿಡವಾಗಿ. ಅಲ್ಲಿಂದ ಬಂಗಲೆಗಳ ಅಂಗಳಕ್ಕೆ, ಬೇಲಿಗೆ, ಬೇಲಿಯಿಂದ ಕಾಡಿಗೆ. ಪಿಕಳಾರ, ಗೊರವಂಕದಂಥ ಹಕ್ಕಿಗಳು ಹಣ್ಣು ನುಂಗಿ ಬೀಜವನ್ನು ದೂರ ದೂರಕ್ಕೆ ಹಿಕ್ಕೆಯಲ್ಲಿ ಬಿತ್ತುತ್ತಾ ಹೋದವು. ಒಂದು ಗಿಡ ವರ್ಷಕ್ಕೆ ಸಾವಿರಾರು ಹಣ್ಣು ಬಿಡುತ್ತದೆ.

ಅದರ ಗೆಲುವಿನ ಗುಟ್ಟು ಒಂದೇ ಅಲ್ಲ. ಎಲೆಯಲ್ಲಿ ಲಂಟಾಡೀನ್ ಎಂಬ ವಿಷವಿದೆ. ತಿಂದ ದನಗಳ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಹಸಿವಿನಿಂದ ಕಂಗೆಟ್ಟ ಹೊರತು ಯಾವ ಪ್ರಾಣಿಯೂ ಬಾಯಿ ಹಾಕುವುದಿಲ್ಲ. ಕಡಿದರೆ ಬುಡದಿಂದ ನಾಲ್ಕಾರು ಹೊಸ ಕವಲು ಬರುತ್ತವೆ. ಬಾಗಿದ ಕೊಂಬೆ ನೆಲ ಮುಟ್ಟಿದಲ್ಲಿ ಬೇರು ಬಿಡಬಲ್ಲದು. ಬಿಸಿಲಿದ್ದರೆ ಪೊದೆಯಾಗುತ್ತದೆ, ಮರ ಸಿಕ್ಕರೆ ಬಳ್ಳಿಯಂತೆ ಅಡರುತ್ತದೆ. ತವರಿನಲ್ಲಿ ಅದನ್ನು ಮೇಯುತ್ತಿದ್ದ ಹುಳುಗಳು ಇಲ್ಲಿಲ್ಲ. ಅವನ್ನೂ ತರಿಸಿದ್ದಾಯಿತು: 1921ರಲ್ಲಿ ಹವಾಯಿಯಿಂದ ಅದರ ಬೀಜ ಕೆಡಿಸುವ ನೊಣ ಬಂತು, 1941ರಲ್ಲಿ ಆಸ್ಟ್ರೇಲಿಯಾದಿಂದ ಎಲೆರಸ ಹೀರುವ ತಿಗಣೆ ಬಂತು. ಪ್ರಯೋಗಾಲಯದಲ್ಲಿ ಆ ತಿಗಣೆ ತೇಗದ ಹೂವನ್ನೂ ಮೆಲ್ಲುವುದು ಕಂಡು ಗಾಬರಿಯಾಗಿ ಅದರ ಸಾಕಣೆಯನ್ನೇ ನಾಶಮಾಡಿದರು. ಅಷ್ಟರಲ್ಲಿ ಅದು ತಪ್ಪಿಸಿಕೊಂಡು ಹೊರಬಿದ್ದಿತ್ತು. ಲಂಟಾನಕ್ಕೆ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಲಿಲ್ಲ. ಹಲವು ಮೂಲಗಳ ಬೆರಕೆ ತಳಿಯಾದ ಗಿಡಕ್ಕೆ ಒಂದು ಮೂಲದ ಶತ್ರು ಸಾಲದು ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಲ್ಲಿ ಭಾರತದ ಹುಲಿಗಳಿರುವ ಕಾಡುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಭಾಗವನ್ನು, ಅಂದರೆ ಸುಮಾರು 1,54,000 ಚದರ ಕಿಲೋಮೀಟರನ್ನು, ಲಂಟಾನ ಆಕ್ರಮಿಸಿದೆ. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಎಂದು ನೆನೆದರೆ ಪ್ರಮಾಣದ ಅಂದಾಜು ಸಿಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಚಿತ್ರ ಇನ್ನೂ ಸ್ಪಷ್ಟ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು 1997ರಲ್ಲಿ ಇಡೀ ಕಾಡಿಗೆ ಚೌಕುಳಿ ಹಾಕಿ 134 ತಾಕುಗಳಲ್ಲಿ ಗಿಡಮರಗಳನ್ನು ಎಣಿಸಿದ್ದರು. ಹನ್ನೊಂದು ವರ್ಷದ ಮೇಲೆ, 2008ರಲ್ಲಿ, ಅವೇ ತಾಕುಗಳನ್ನು ಮತ್ತೆ ಎಣಿಸಲಾಯಿತು. ಮೊದಲ ಸಲ ಶೇಕಡಾ 41ರಷ್ಟು ತಾಕುಗಳಲ್ಲಿ ಕಂಡಿದ್ದ ಲಂಟಾನ ಎರಡನೇ ಸಲ ಶೇಕಡಾ 81ರಷ್ಟರಲ್ಲಿತ್ತು. ಮೊದಲು ಕಾಡಿನ ಇಪ್ಪತ್ತು ಕಾಂಡಗಳಲ್ಲಿ ಒಂದು ಲಂಟಾನದ್ದು, ಆಮೇಲೆ ಮೂರರಲ್ಲಿ ಒಂದು. ನೆಲಕ್ಕೆ ಬಿಸಿಲೇ ಬೀಳದ ನಿತ್ಯಹರಿದ್ವರ್ಣದ ತುಂಡುಗಳಲ್ಲಿ ಮಾತ್ರ ಅದರ ಆಟ ಅಷ್ಟಾಗಿ ನಡೆದಿಲ್ಲ. ಲಂಟಾನ ಹೆಚ್ಚಿದ ಕಡೆಯೆಲ್ಲ ನಾಡಮರಗಳ ಸಸಿ ಕಡಿಮೆ.

ಈ ಎಣಿಕೆ ನಡೆದ ವರ್ಷಗಳನ್ನು ಗಮನಿಸಿ. ಆಗ ಅಲ್ಲಿ ಮರ ಕಡಿಯುತ್ತಿರಲಿಲ್ಲ, ಗಣಿಯಿರಲಿಲ್ಲ. ಅಭಯಾರಣ್ಯವಾಗಿ ಎರಡು ದಶಕ ಕಳೆದಿತ್ತು. ಪುಸ್ತಕದ ಪ್ರಕಾರ ಕಾಡು ಸುರಕ್ಷಿತವಾಗಿತ್ತು.

ಸಂಕ್ರಾಂತಿಯ ಹೊತ್ತಿನ ಬೆಂಕಿ

ಲಂಟಾನ ನೂರಕ್ಕೂ ಹೆಚ್ಚು ವರ್ಷದಿಂದ ದಕ್ಷಿಣದ ಕಾಡುಗಳಲ್ಲಿ ಇದ್ದರೂ ಈ ಬೆಟ್ಟಗಳಲ್ಲಿ ಇಷ್ಟು ರಭಸ ಪಡೆದದ್ದು ಈಚೆಗೆ. ಏಕೆ? ಸೋಲಿಗರ ಹಿರಿಯರನ್ನು ಕೇಳಿದರೆ ಬರುವ ಉತ್ತರದಲ್ಲಿ ಒಂದು ಮಾತು ತಪ್ಪುವುದಿಲ್ಲ: ತರಗು ಬೆಂಕಿ ನಿಂತಿತು.

ತರಗು ಎಂದರೆ ಉದುರಿದ ಎಲೆ. ಬೇಸಗೆ ಬಲಿಯುವ ಮೊದಲು, ಜನವರಿ–ಫೆಬ್ರವರಿಯಲ್ಲಿ, ಇಬ್ಬನಿಯ ಪಸೆ ನೆಲದಲ್ಲಿ ಇನ್ನೂ ಇರುವಾಗ ಸೋಲಿಗರು ಕಾಡಿನ ನೆಲಕ್ಕೆ ಬೆಂಕಿ ಕೊಡುತ್ತಿದ್ದರು. ಅದು ಪಾದದೆತ್ತರದ ಬೆಂಕಿ. ಮೇಲಿನ ತರಗನ್ನು ಸವರಿಕೊಂಡು ಹೋಗಿ, ಪಸೆ ಇರುವಲ್ಲಿ ತಾನೇ ಆರುತ್ತಿತ್ತು. ಎಲ್ಲ ಕಡೆಯೂ ಒಂದೇ ವರ್ಷ ಸುಡುತ್ತಿರಲಿಲ್ಲ. ದಿಂಡಿಗ, ಮತ್ತಿ, ನೆಲ್ಲಿಯಂಥ ಮರಗಳಿಗೆ ದಪ್ಪ ತೊಗಟೆ ಇದ್ದು ಇಷ್ಟು ಬಿಸಿಯನ್ನು ತಾಳಿಕೊಳ್ಳುತ್ತವೆ. ಹುಲ್ಲಿನ ಜೀವ ನೆಲದೊಳಗಿನ ಬುಡದಲ್ಲಿರುವುದರಿಂದ ಅದಕ್ಕೂ ಧಕ್ಕೆಯಿಲ್ಲ. ಬೆಂಕಿ ಹಾಯ್ದ ನೆಲದಲ್ಲಿ ಮೊದಲ ಮಳೆಗೆ ಎಳೆಹುಲ್ಲು ಏಳುತ್ತಿತ್ತು, ಉಣ್ಣಿಯ ಕಾಟ ತಗ್ಗುತ್ತಿತ್ತು, ಜೇನಿಗೋ ಗೆಣಸಿಗೋ ಹೊರಟವರಿಗೆ ಎದುರಿಗೆ ಬರುವ ಆನೆ ದೂರದಿಂದಲೇ ಕಾಣುತ್ತಿತ್ತು. ಆಗತಾನೆ ಮೊಳೆತ ಲಂಟಾನದ ಸಸಿಗೆ ಮಾತ್ರ ಅಷ್ಟು ಬೆಂಕಿಯೂ ಸಾವು.

ಅರಣ್ಯ ಕಾನೂನಿನ ಕಣ್ಣಿಗೆ ಬೆಂಕಿ ಎಂದೂ ಬೆಂಕಿಯೇ. ಬ್ರಿಟಿಷರ ಕಾಲದಿಂದಲೂ ಅರಣ್ಯವೆಂದರೆ ಮೊದಲು ಮರಮುಟ್ಟು. ಬೆಂಕಿ ಬಿದ್ದರೆ ತೇಗದ ಲೆಕ್ಕ ತಪ್ಪುತ್ತದೆ. ಹಾಗಾಗಿ ಬೆಂಕಿ ಹಚ್ಚುವುದು ಅಪರಾಧವಾಯಿತು. ಅಭಯಾರಣ್ಯವಾದ ಮೇಲೆ ಕಾಡು ಸವರಿ ಜಾಗ ಬದಲಿಸುತ್ತಾ ಮಾಡುವ ಪೋಡು ಬೇಸಾಯವೂ ನಿಂತಿತು, ಕಾಡೊಳಗಿನ ಎಷ್ಟೋ ಪೋಡುಗಳನ್ನು ಅಂಚಿಗೆ ತಂದು ನೆಲೆಗೊಳಿಸಲಾಯಿತು, ಬೆಂಕಿಯ ಮೇಲಿನ ಕಾವಲು ಬಿಗಿಯಾಯಿತು. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಬೆಂಕಿ ತಡೆದರೆ ಕಾಡು ಉಳಿಯುತ್ತದೆ ಎಂಬುದು ಎಲ್ಲರೂ ಒಪ್ಪುವ ಮಾತಾಗಿತ್ತು, ಶಾಲೆಯ ಗೋಡೆಗಳ ಮೇಲೂ ಬರೆದಿರುತ್ತಿತ್ತು.

ಈಗ ಲಂಟಾನದ ಲೆಕ್ಕ ನೋಡಿ. ಸಣ್ಣ ಬೆಂಕಿ ನಿಂತಿತು, ಸಸಿ ಉಳಿಯಿತು. ನಾಲ್ಕೈದು ವರ್ಷದಲ್ಲಿ ಅದು ಎದೆಯೆತ್ತರದ ಪೊದೆ. ಬಿದಿರು ಹೂಬಿಟ್ಟು ಸತ್ತು ತೆರವಾದ ಜಾಗದಲ್ಲಂತೂ ತಡೆಯುವವರೇ ಇಲ್ಲ. ಪೊದೆಯ ಕೆಳಗೆ ನೆರಳು ಕವಿದು ಹುಲ್ಲು ಸಾಯುತ್ತದೆ. ಬೇಸಗೆಯಲ್ಲಿ ಆ ಪೊದೆಯ ಕಡ್ಡಿಗಳೆಲ್ಲ ಒಣಗಿ ಪುಳ್ಳೆಯ ರಾಶಿಯಾಗುತ್ತವೆ. ಕಾಡಿನಲ್ಲಿ ಬೆಂಕಿಯನ್ನು ನಿಷೇಧಿಸಬಹುದು, ಆದರೆ ಬೆಂಕಿಯೇ ಬೀಳದಂತೆ ಮಾಡಲಾಗದು. ಎಸೆದ ಬೀಡಿ, ಯಾರದೋ ಸಿಟ್ಟು, ಹೊಲದ ಕೂಳೆಗೆ ಹಚ್ಚಿದ್ದು ಗಾಳಿಗೆ ಹಾರಿದ್ದು, ಒಂದಲ್ಲ ಒಂದು ಕಿಡಿ ಮಾರ್ಚ್ ತಿಂಗಳಲ್ಲಿ ಬಂದೇ ಬರುತ್ತದೆ. ಆಗ ಏಳುವ ಬೆಂಕಿಗೂ ತರಗು ಬೆಂಕಿಗೂ ಹೆಸರಷ್ಟೇ ಸಮಾನ. ಲಂಟಾನದ ಕಡ್ಡಿಗಳನ್ನು ಏಣಿ ಮಾಡಿಕೊಂಡು ಅದು ಮರದ ನೆತ್ತಿಗೆ ಏರುತ್ತದೆ. ತೊಗಟೆ ದಪ್ಪವಿದ್ದ ಮರವೂ ಬೇಯುತ್ತದೆ. ಮರ ಸತ್ತಲ್ಲಿ ಬಿಸಿಲು ನೆಲಕ್ಕೆ ಇಳಿಯುತ್ತದೆ. ಮೇಲಿನದ್ದೆಲ್ಲ ಸುಟ್ಟರೂ ಲಂಟಾನದ ಬುಡ ಬದುಕಿರುತ್ತದೆ, ಮೊದಲ ಮಳೆಗೆ ಮೊದಲು ಚಿಗುರುವುದು ಅದೇ. ಮುಂದಿನ ಬೆಂಕಿಗೆ ಇನ್ನಷ್ಟು ಸೌದೆ ಸಿದ್ಧ. ಅಂಕಿಲಾ ಹಿರೇಮಠ್ ಮತ್ತು ಭರತ್ ಸುಂದರಂ ಎಂಬ ವಿಜ್ಞಾನಿಗಳು 2005ರಲ್ಲಿ ಇದನ್ನು 'ಬೆಂಕಿ–ಲಂಟಾನ ಚಕ್ರ' ಎಂಬ ಊಹೆಯಾಗಿ ಮುಂದಿಟ್ಟು, ಮುಂದೆ ಇದೇ ಬೆಟ್ಟಗಳಲ್ಲಿ ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು.

2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರ ಹೊತ್ತಿ ಉರಿದದ್ದು ನೆನಪಿರಬೇಕು. ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಸುಟ್ಟದ್ದನ್ನು ಉಪಗ್ರಹ ಚಿತ್ರಗಳು ತೋರಿಸಿದವು. ಕಿಡಿ ಹಚ್ಚಿದವರು ಯಾರು ಎಂದು ಟಿವಿಗಳು ವಾರಗಟ್ಟಲೆ ಚರ್ಚಿಸಿದವು. ಸೌದೆ ಒಟ್ಟಿದ್ದು ಯಾರು ಎಂಬ ಪ್ರಶ್ನೆಗೆ ಅಷ್ಟು ಸಮಯ ಸಿಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಬೆಂಕಿ ನಿಂತದ್ದೇ ಏಕೈಕ ಕಾರಣ, ನಾಳೆಯಿಂದ ತರಗು ಬೆಂಕಿ ಹಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೀಜದ ಮೂಲ ಎಷ್ಟು ಹತ್ತಿರವಿದೆ, ಮರಗಳ ನೆರಳು ಎಷ್ಟಿದೆ, ಮಳೆ ಎಷ್ಟು ಬೀಳುತ್ತದೆ ಎಂಬುದಕ್ಕೂ ಪಾತ್ರವಿದೆ. ಅದಕ್ಕಿಂತ ಮುಖ್ಯವಾಗಿ, ಲಂಟಾನ ತುಂಬಿದ ಕಾಡಿಗೆ ಈಗ ಜನವರಿಯಲ್ಲಿ ಬೆಂಕಿ ಕೊಟ್ಟರೂ ಅದು ತಗ್ಗಿ ನಡೆಯುವ ಬೆಂಕಿಯಾಗಿ ಉಳಿಯುವುದು ಕಷ್ಟ. ಮದ್ದು ಕೊಡಬೇಕಾದ ಹೊತ್ತು ಮೀರಿದೆ. ಸೋಲಿಗರ ಹಿರಿಯರೇ ಇದನ್ನು ಹೇಳುತ್ತಾರೆ.

ನೆಲ್ಲಿಯ ಮೇಲೆ ಕುಳಿತ ಉಪ್ಪಿಲು

ಇದೇ ಬೆಟ್ಟದ ಇನ್ನೊಂದು ಕಥೆ ಲಂಟಾನದಷ್ಟು ಪ್ರಸಿದ್ಧವಲ್ಲ, ನನಗಂತೂ ಅದಕ್ಕಿಂತ ಕುತೂಹಲದ್ದು.

ಜೇನು, ಸೀಗೆ, ಅಂಟುವಾಳ, ಕಲ್ಲುಹೂವುಗಳ ಜೊತೆಗೆ ಬೆಟ್ಟದ ನೆಲ್ಲಿಕಾಯಿ ಸೋಲಿಗರ ಮುಖ್ಯ ಆದಾಯವಾಗಿತ್ತು. ಲ್ಯಾಂಪ್ಸ್ ಎಂಬ ಆದಿವಾಸಿಗಳ ಸಹಕಾರ ಸಂಘದ ಮೂಲಕ ಮಾರುತ್ತಿದ್ದರು. ನೆಲ್ಲಿಮರಗಳು ಸೊರಗುತ್ತಿರುವುದು ಕಂಡಾಗ ಹೊರಗಿನವರಿಗೆ ಹೊಳೆದ ವಿವರಣೆ ಸರಳ: ಕಾಯಿ ಕಿತ್ತದ್ದು ಹೆಚ್ಚಾಯಿತು, ಮೊಳೆಯಲು ಬೀಜ ಉಳಿಯಲಿಲ್ಲ. ಸೋಲಿಗರು ಬೊಟ್ಟು ಮಾಡಿದ್ದು ಮರದ ಮೇಲಿನ ಇನ್ನೊಂದು ಗಿಡದತ್ತ. ಅವರು ಅದನ್ನು ಉಪ್ಪಿಲು ಎನ್ನುತ್ತಾರೆ, ನಾವು ಬದನಿಕೆ ಎನ್ನುತ್ತೇವೆ. ಕೊಂಬೆಯ ಮೇಲೆ ಬೇರೂರಿ ಮರದ ರಸ ಹೀರುವ ಪರಾವಲಂಬಿ. ಇದರ ಅಂಟು ಬೀಜವನ್ನು ಕೊಂಬೆಯಿಂದ ಕೊಂಬೆಗೆ ಒಯ್ಯುವ ಪುಟ್ಟ ಹಕ್ಕಿಗೆ ಕನ್ನಡದಲ್ಲಿ ಬದನಿಕೆ ಹಕ್ಕಿ ಎಂದೇ ಹೆಸರು.

ತರಗು ಬೆಂಕಿಯ ಬಿಸಿಗೂ ಹೊಗೆಗೂ ಉಪ್ಪಿಲು ಸಾಯುತ್ತಿತ್ತು, ಈಗ ಬೆಂಕಿ ಇಲ್ಲದ್ದರಿಂದ ಅದು ಹಬ್ಬಿದೆ, ನೆಲ್ಲಿ ಸಾಯುತ್ತಿರುವುದು ಅದರಿಂದ ಎಂಬುದು ಸೋಲಿಗರ ವಾದ. ಸಂಶೋಧಕರು ಮರಗಳನ್ನು ಪರಿಶೀಲಿಸಿ ನೋಡಿದಾಗ ಉಪ್ಪಿಲು ಹತ್ತಿದ ಮರಗಳಲ್ಲಿ ಕಾಯಿ ಕಡಿಮೆ, ಸಾವು ಹೆಚ್ಚು ಎಂಬುದು ಕಂಡಿತು. ಬೆಂಕಿಯ ಜೊತೆಗಿನ ನಂಟನ್ನು ತಳ್ಳಿಹಾಕುವಂತಿಲ್ಲ ಎಂದೂ 2010ರಲ್ಲಿ ಬರೆದರು. ಕಾಯಿ ಬಿಡಿಸಲು ಹೋದವರು ಉಪ್ಪಿಲು ಹತ್ತಿದ ಕೊಂಬೆಯನ್ನು ಕಡಿದು ಹಾಕುವುದೂ ಉಂಟು. ಆದರೆ ವನ್ಯಜೀವಿ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಸಂರಕ್ಷಿತ ಕಾಡುಗಳಿಂದ ಮಾರಾಟಕ್ಕಾಗಿ ಕಿರು ಉತ್ಪನ್ನ ತರುವುದಕ್ಕೂ ನಿಷೇಧ ಬಂತು. ನೆಲ್ಲಿಯನ್ನು ಉಳಿಸಲೆಂದು ಕಾಯಿ ಕೀಳುವವರನ್ನು ತಡೆದಾಗ, ನೆಲ್ಲಿಯನ್ನು ತಿನ್ನುತ್ತಿದ್ದ ಗಿಡವನ್ನು ಕೀಳುವವರನ್ನೂ ತಡೆದಂತಾಯಿತು.

ಹುಲ್ಲು ಹೋದ ಮೇಲೆ

ಹುಲಿಯ ಕಾಡೆಂದು ಹೆಸರಾದರೂ ಅದರ ಅಡಿಪಾಯ ಹುಲ್ಲು. ಜಿಂಕೆ, ಕಾಟಿಗಳು ಹೆಚ್ಚಾಗಿ ಹುಲ್ಲು ಮೇಯುವವು, ಆನೆಯ ಮೇವಿನಲ್ಲೂ ಅದಕ್ಕೆ ದೊಡ್ಡ ಪಾಲು. ಲಂಟಾನ ಕವಿದ ನೆಲದಲ್ಲಿ ಹುಲ್ಲಿಲ್ಲ, ನಾಡಗಿಡಗಳ ಸಸಿಗಳಿಲ್ಲ. ಪೊದೆಗಳ ಒಳಗೆ ದಾರಿ ಮಾಡಿಕೊಂಡು ಹುಲಿ, ಚಿರತೆ ಮಲಗುತ್ತವೆ, ಕರಡಿ ಹಣ್ಣು ತಿನ್ನುತ್ತದೆ, ಚಿಟ್ಟೆಗಳಿಗೆ ಮಕರಂದ ಸಿಗುತ್ತದೆ. ಇವೆಲ್ಲ ನಿಜ, ಲಂಟಾನದ ಪರವಾಗಿ ಯಾರಾದರೂ ವಕಾಲತ್ತು ವಹಿಸಿದರೆ ಇದನ್ನೇ ಹೇಳಬೇಕು. ಆದರೆ ಮೇವಿಲ್ಲದ ಕಾಡಿನ ಅಂಚಿನಲ್ಲಿ ಕಬ್ಬು, ಮುಸುಕಿನ ಜೋಳ, ಬಾಳೆ ಬೆಳೆದು ನಿಂತಿದ್ದರೆ ಆನೆ ಎತ್ತ ಹೋದೀತು? ಕಂದಕ, ಸೌರಬೇಲಿ, ರೈಲು ಹಳಿಯ ತಡೆಗೋಡೆ ಎಲ್ಲವನ್ನೂ ನಾವು ಕಾಡಿನ ಹೊರ ಅಂಚಿಗೆ ಕಟ್ಟುತ್ತಿದ್ದೇವೆ. ಒಳಗೆ ಎಷ್ಟು ಹುಲ್ಲು ಉಳಿದಿದೆ ಎಂದು ಅಳೆಯುವುದು ಅಪರೂಪ.

ಕಾಡೊಳಗೆ ನಡೆಯುವವರ ಪಾಡು ಬೇರೆ. ಎರಡು ಮಾರು ಆಚೆ ಕಾಟಿ ನಿಂತಿದ್ದರೂ ತಿಳಿಯುವುದಿಲ್ಲ. ಕಾವಲು ತಿರುಗುವ ಅರಣ್ಯ ಸಿಬ್ಬಂದಿಗೂ, ಜೇನಿಗೆ ಹೋಗುವ ಸೋಲಿಗರಿಗೂ ಇದು ದಿನದ ಜೀವಭಯ.

ಉಳಿದ ಅಪಾಯಗಳನ್ನೂ ಹೇಳಿಬಿಡುತ್ತೇನೆ. ಈ ಕಾಡು ಸೇತುವೆ ಎಂದೆನಲ್ಲ, ಆ ಸೇತುವೆಯ ಕೊರಳು ಕೆಲವೆಡೆ ತೀರಾ ಸಣ್ಣದು. ಮಲೆ ಮಹದೇಶ್ವರ ಬೆಟ್ಟದ ಕಾಡುಗಳಿಗೆ ಆನೆಗಳು ದಾಟುವ ದೊಡ್ಡಸಂಪಿಗೆ–ಯಡಿಯಾರಳ್ಳಿ ಹಾದಿಯಲ್ಲಿ ರೈತರ ಜಮೀನನ್ನು ವನ್ಯಜೀವಿ ಸಂಸ್ಥೆಯೊಂದು ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಒಳ್ಳೆಯ ಮಾದರಿ, ಆದರೆ ಎಷ್ಟು ಕಡೆ ಹೀಗೆ ಕೊಳ್ಳಲು ಸಾಧ್ಯ? ಇತ್ತ ಚಾಮರಾಜನಗರದಿಂದ ಹಾಸನೂರು, ದಿಂಬಂ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳ ಸಾಲು. ಬೆಟ್ಟದ ಮೇಲೆ ಬ್ರಿಟಿಷರ ಕಾಲದ ಕಾಫಿ ತೋಟಗಳಿವೆ. ನಾಡಮರದ ನೆರಳಿರುವ ತೋಟ ಹಕ್ಕಿಗಳ ಪಾಲಿಗೆ ಅರೆಕಾಡು, ಸಿಲ್ವರ್ ಓಕ್ ನೆಟ್ಟ ತೋಟ ಹಾಗಲ್ಲ. ಬಂಡೀಪುರ, ವಯನಾಡುಗಳಲ್ಲಿ ಲಂಟಾನದ ಮೇಲೆ ಸೆನ್ನಾ ಎಂಬ ಇನ್ನೊಂದು ಅಮೆರಿಕದ ಗಿಡ, ಇದು ಪೂರ್ತಿ ಮರವೇ, ಹಳದಿ ಹೂ ಹೊತ್ತು ಹಬ್ಬುತ್ತಿದೆ. ಪ್ರವಾಸಿಗರು ಅದರ ಮುಂದೆಯೂ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಕೀಳುವುದು ಎಂಬ ಕೆಲಸ

"ಹಾಗಾದರೆ ಕಿತ್ತು ಹಾಕಿ" ಎನ್ನುವುದು ಸುಲಭ. ಮಚ್ಚಿನಿಂದ ಕಡಿದರೆ ಮರುವರ್ಷ ಇಮ್ಮಡಿಯಾಗಿ ಚಿಗುರುತ್ತದೆ. ಜೆಸಿಬಿ ನುಗ್ಗಿಸಿದರೆ ನೆಲವೆಲ್ಲ ಅಡಿಮೇಲಾಗಿ ಮಣ್ಣಿನೊಳಗಿನ ಬೀಜಗಳು ಒಟ್ಟಿಗೇ ಮೊಳೆಯುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಜೊತೆಗಾರರು ಕಂಡುಕೊಂಡ ಉಪಾಯ ಸರಳವಾಗಿದೆ. ಲಂಟಾನದಲ್ಲಿ ಚಿಗುರುವ ಶಕ್ತಿ ಇರುವುದು ಕಾಂಡ ಬೇರಾಗಿ ಬದಲಾಗುವ ಗಂಟಿನಲ್ಲಿ. ಅದಕ್ಕಿಂತ ಕೆಳಗೆ, ನೆಲಮಟ್ಟದಿಂದ ಒಂದೆರಡು ಅಂಗುಲ ಒಳಗೆ, ಗುದ್ದಲಿಯಿಂದ ಮುಖ್ಯ ಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟರೆ ಅದು ಒಣಗಿ ಸಾಯುತ್ತದೆ. ಮಣ್ಣೂ ಹೆಚ್ಚು ಕದಡುವುದಿಲ್ಲ.

ಕಷ್ಟ ಶುರುವಾಗುವುದು ಆಮೇಲೆ. ಹಕ್ಕಿಗಳು ಬೀಜ ತರುವುದನ್ನು ನಿಲ್ಲಿಸುವುದಿಲ್ಲ. ಕಿತ್ತ ಜಾಗಕ್ಕೆ ಕನಿಷ್ಠ ಎರಡು ಮೂರು ವರ್ಷ ಮಳೆಗಾಲದ ನಂತರ ಹೋಗಿ ಸಸಿ ಕೀಳಬೇಕು, ಇಲ್ಲದಿದ್ದರೆ ಅಲ್ಲಿ ಮತ್ತೆ ಲಂಟಾನವೋ ಯುಪಟೋರಿಯಮ್ಮೋ ಬರುತ್ತದೆ. ಊರಿನ ಹುಲ್ಲು ತಾನಾಗಿ ಬಾರದಿದ್ದರೆ ಬೀಜ ತಂದು ಚೆಲ್ಲಬೇಕು. ನೂರಾರು ಚದರ ಕಿಲೋಮೀಟರ್ ಕಾಡಿಗೆ ಇಷ್ಟು ಕೂಲಿ, ಇಷ್ಟು ತಾಳ್ಮೆ ಎಲ್ಲಿಂದ? ಸರ್ಕಾರದ ಟೆಂಡರು ಒಂದು ವರ್ಷದ್ದು, ಬಿಲ್ಲು ಆಗುವುದು ಕಿತ್ತ ಎಕರೆಗೆ, ಮೂರನೇ ವರ್ಷಕ್ಕೆ ಅಲ್ಲಿ ಏನಿದೆ ಎಂಬುದಕ್ಕಲ್ಲ. ನನ್ನ ಮಟ್ಟಿಗೆ ಇಡೀ ಕಾಡನ್ನು ಶುದ್ಧಮಾಡುವ ಮಾತು ಬಿಟ್ಟು, ಹುಲ್ಲುಗಾವಲು, ನೀರಿನ ಅಕ್ಕಪಕ್ಕ, ಆನೆದಾರಿ, ಈಗಷ್ಟೇ ಲಂಟಾನ ಕಾಲಿಟ್ಟ ಜಾಗ, ಇಷ್ಟನ್ನು ಆರಿಸಿಕೊಂಡು ಬಿಡದೆ ಕಾಯುವುದು ಮೇಲು.

ಕಿತ್ತ ಕಡ್ಡಿಗೂ ಬೆಲೆ ಬಂದಿದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕಾಂಡವನ್ನು ಕುದಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಾಗಿಸಿ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ನೀಲಗಿರಿಯ ಗೂಡಲೂರಿನಲ್ಲಿ ಆದಿವಾಸಿ ಕುಶಲಕರ್ಮಿಗಳು ಇದೇ ಕಡ್ಡಿಯಿಂದ ಮಾಡಿದ ಆಳೆತ್ತರ ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ಮೇವು ಕಸಿದ ಗಿಡವೇ ಆನೆಯಾಗಿ ಬ್ರಿಟಿಷರ ದೇಶಕ್ಕೆ ಹಿಂತಿರುಗಿದ್ದು ಚೆಂದದ ತಮಾಷೆ. ಇದರಿಂದ ಕೆಲವು ನೂರು ಮನೆಗಳ ಒಲೆ ಉರಿಯುತ್ತದೆ, ಅದು ಸಣ್ಣದಲ್ಲ. ಕಾಡಿನ ಲಂಟಾನ ತೀರುವುದಿಲ್ಲ, ಅದೂ ಅಷ್ಟೇ ನಿಜ.

2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಇಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ಅವರೇ ದೇಶದಲ್ಲಿ ಮೊದಲಿಗರು. ಜೇನು, ನೆಲ್ಲಿ ಮತ್ತೆ ತರಬಹುದು. ಕಾಡಿನ ನಿರ್ವಹಣೆಯಲ್ಲೂ ಗ್ರಾಮಸಭೆಗೆ ಪಾತ್ರವಿದೆ ಎಂದು ಕಾಯಿದೆ ಹೇಳುತ್ತದೆ. ಬೆಂಕಿ ಹಚ್ಚುವುದು ಮಾತ್ರ ಈಗಲೂ ಅಪರಾಧವೇ. ಸಣ್ಣ ಸಣ್ಣ ತಾಕುಗಳಲ್ಲಿ ಮೊದಲು ಲಂಟಾನ ಕಿತ್ತು, ಹುಲ್ಲು ಬಂದ ಮೇಲೆ, ಸೋಲಿಗರ ಹಿರಿಯರನ್ನೂ ಇಲಾಖೆಯವರನ್ನೂ ಜೊತೆಗೆ ನಿಲ್ಲಿಸಿಕೊಂಡು ಇಬ್ಬನಿಯ ಹೊತ್ತಿನ ಬೆಂಕಿ ಕೊಟ್ಟು ನೋಡಬಾರದೇ ಎಂದರೆ, ಆ ಸಹಿಯ ಜವಾಬ್ದಾರಿ ಹೊರಲು ಯಾವ ಅಧಿಕಾರಿಗೂ ಧೈರ್ಯವಾಗದು. ಕೈಮೀರಿದರೆ ಕೆಲಸಕ್ಕೇ ಕುತ್ತು. ಅವರನ್ನು ದೂರುವುದೂ ನ್ಯಾಯವಲ್ಲ.

ಆದರೂ ಪ್ರತಿ ವರ್ಷ ಈ ಕಾಡುಗಳಲ್ಲಿ ಬೆಂಕಿ ಹಚ್ಚಲಾಗುತ್ತದೆ, ಹಚ್ಚುವವರು ಇಲಾಖೆಯವರೇ. ಅದಕ್ಕೆ ಬೆಂಕಿ ರೇಖೆ ಎಂದು ಹೆಸರು. ಬೇಸಗೆಯ ದೊಡ್ಡ ಬೆಂಕಿ ದಾಟದಿರಲೆಂದು ಸಂಕ್ರಾಂತಿಯ ಆಸುಪಾಸಿನಲ್ಲಿ ರಸ್ತೆಗಳ ಉದ್ದಕ್ಕೂ ಪೊದೆ ಸವರಿ, ಒಣಗಿದ್ದನ್ನು ಅಂಕೆಯಲ್ಲಿ ಸುಡುತ್ತಾರೆ. ಆ ಕೆಲಸಕ್ಕೆ ಬರುವ ದಿನಗೂಲಿಗಳಲ್ಲಿ ಸೋಲಿಗರೂ ಇರುತ್ತಾರೆ. ಗಾಳಿ ಎತ್ತ ಬೀಸುತ್ತಿದೆ, ಪಸೆ ಎಷ್ಟಿದೆ, ಎಲ್ಲಿ ಕೊಟ್ಟರೆ ಎಲ್ಲಿ ಆರುತ್ತದೆ ಎಂದು ಬಲ್ಲ ಕೈಗಳು. ಮೊದಲ ಮಳೆ ಬಿದ್ದ ವಾರದೊಳಗೆ ಆ ಕಪ್ಪು ಪಟ್ಟಿಯ ಮೇಲೆ ಎಳೆಹುಲ್ಲು ಮೂಡುತ್ತದೆ, ಲಂಟಾನದ ಗೋಡೆಯ ಹಿಂದಿನಿಂದ ಜಿಂಕೆಗಳು ಒಂದೊಂದಾಗಿ ಹೊರಬರುತ್ತವೆ. ಕ್ಯಾತದೇವರಗುಡಿಯಿಂದ ಹೊರಟ ಸಫಾರಿ ಜೀಪು ನಿಲ್ಲುವುದು, ಕ್ಯಾಮೆರಾಗಳು ಮೇಲೇಳುವುದು ಅಲ್ಲಿಯೇ.